ಪೇಪರ್ ಪ್ಲೇಟು

ಇದು ನಮ್ಮವರ ಬಗ್ಗೆ, ಮೊದಲು ನನ್ನ ಬಗ್ಗೆನೇ. ಬೈಯೋರು ಓದಿ ಬೈಯಿರಿ.

ನಮ್ಮ ಕೇರಿಯ ಅಕ್ಕ ಒಬ್ಬರಿಗೆ ಎಚ್‌ಐವಿ ಇದೆ. (ಅವರನ್ನ ಕೇಳಿಯೇ ಬರೀತಿದ್ದೀನಿ, ಹೆಸರು ಬೇಡ ಅಂದರು.) ಹನ್ನೊಂದು ವರ್ಷದಿಂದ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ. ಹೋದ ವರ್ಷ ಗರ್ಭಕೋಶದ ಆಪರೇಷನ್‌ಗೆ ಆಸ್ಪತ್ರೆ ಸೇರಿದಾಗ ಜೊತೆಗಿದ್ದವನು ನಾನು. ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದರು. ಶೌಚಾಲಯದ ಪಕ್ಕದ ಮಂಚ ಕೊಟ್ಟರು. ನಾನು ಇಪ್ಪತ್ತು ವರ್ಷದಿಂದ ಫೈಲು ನೋಡ್ತಿರೋ ಗುಮಾಸ್ತ. ಫೈಲಿನ ಮೇಲಿನ ಗುರುತು ಎಷ್ಟು ಕಣ್ಣಿಗೆ ಬೀಳುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಜೆಗೆ ಊಟ ಹಂಚೋನಿಗೂ ಗೊತ್ತಾಯ್ತು, ವಾರದೊಳಗೆ ನಮ್ಮ ಕೇರಿಗೂ. ಆಪರೇಷನ್ ಮೂರು ಸಲ ಮುಂದೂಡಿದರು.

2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ಯಾವುದರಲ್ಲೂ ಭೇದ ಮಾಡುವಂತಿಲ್ಲ. ದೂರು ಕೇಳಲು ರಾಜ್ಯ ಸರ್ಕಾರ ಓಂಬುಡ್ಸ್‌ಮನ್ ನೇಮಿಸಬೇಕು. ಅವರು 30 ದಿನದಲ್ಲಿ, ತುರ್ತು ಚಿಕಿತ್ಸೆಯ ವಿಷಯವಾದರೆ ಆದಷ್ಟು ಬೇಗ, ಸಾಧ್ಯವಾದಷ್ಟೂ 24 ಗಂಟೆಯೊಳಗೆ ಆದೇಶ ಕೊಡಬೇಕು. ವಾರ್ಡಿನಲ್ಲಿ ನಾನು ಕೇಳಿದ ಒಬ್ಬರಿಗೂ ಈ ಕಾಯ್ದೆಯ ಹೆಸರೇ ಗೊತ್ತಿರಲಿಲ್ಲ. ದೂರು ಬರೆದು ಕೊಟ್ಟ ಮೇಲೆ ಆಪರೇಷನ್ ಆಯ್ತು.

ಇಲ್ಲಿಗೆ ನಿಲ್ಲಿಸಿದರೆ ನಾನೇ ಹೀರೋ.

ಏಪ್ರಿಲ್ 14ರ ಊಟಕ್ಕೆ ಅದೇ ಅಕ್ಕ ಬಂದಿದ್ದರು. ಎಲ್ಲರಿಗೂ ಸ್ಟೀಲ್ ತಟ್ಟೆ, ಅಕ್ಕನಿಗೆ ಮಾತ್ರ ಪೇಪರ್ ಪ್ಲೇಟು. ಕೊಟ್ಟವನು ನಮ್ಮ ಹುಡುಗನೇ. ಹೋಟೆಲಿನ ಎರಡು ಲೋಟದ ವಿರುದ್ಧ ನನ್ನ ಜೊತೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದವನು! ನಾನು ನೋಡಿದೆ. ನೋಡಿ, ಮೈಕು ಸರಿ ಮಾಡೋಕೆ ಹೋದೆ. ಅಕ್ಕ ಅರ್ಧ ಊಟ ಬಿಟ್ಟು ಎದ್ದರು.

ತಟ್ಟೆಯಿಂದ, ಲೋಟದಿಂದ, ಮುಟ್ಟೋದರಿಂದ ಎಚ್‌ಐವಿ ಬರಲ್ಲ. ಇದು ಆ ಹುಡುಗನಿಗೂ ಗೊತ್ತು. ಅದು ಭಯ ಅಲ್ಲ ಸ್ವಾಮಿ, 'ಎಂಥವಳೋ' ಅನ್ನೋ ತೀರ್ಪು. ಅಕ್ಕನಿಗೆ ಗಂಡನಿಂದ ಬಂತು ಅಂತ ಸಮಜಾಯಿಷಿ ಬರೆಯೋಕೆ ಹೊರಟಿದ್ದೆ, ಯಾರಿಂದ ಬಂದರೆ ಯಾರಿಗೇನು? ದೇವದಾಸಿ ಬಿಟ್ಟು ಬಾಳು ಹಾಳಾದವರು ಹೆಚ್ಚಾಗಿ ನಮ್ಮ ಕೇರಿಗಳ ಹೆಣ್ಣುಮಕ್ಕಳೇ. ಅವರಲ್ಲಿ ಎಷ್ಟೋ ಜನಕ್ಕೆ ಈ ಸೋಂಕು ತಗುಲಿತು. ಅವರಿಗೂ ನಮ್ಮ ಪಂಕ್ತಿಯಲ್ಲಿ ಪೇಪರ್ ಪ್ಲೇಟಾ? ಹಾಗಿದ್ದರೆ ಹೋಟೆಲಿನವನನ್ನ ಯಾವ ಬಾಯಲ್ಲಿ ಕೇಳ್ತೀವಿ?

ಡಿಸೆಂಬರ್ 6ಕ್ಕೆ ಮತ್ತೆ ಸೇರ್ತೀವಿ. ನಿನ್ನೆ ಅಕ್ಕನ ಮನೆಗೆ ಹೋಗಿ ತಪ್ಪಾಯ್ತಕ್ಕ, ಬರಬೇಕು ಅಂದೆ.

"ಬರ್ತೀನಿ ಬಿಡಪ್ಪ. ತಟ್ಟೆ ಮನೆಯಿಂದಲೇ ತರಲಾ?" ಅಂದರು.