ಹಾಡು ಜೇಬಿಗೆ ಬಂತು, ಕೇಳುವ ಹೊತ್ತು ಎಲ್ಲಿ?



ಸಂಘದ ಕೆಲಸದ ಮೇಲೆ ನಾವು ಸಂಭಾಜಿನಗರದ ಚಿಕಲಠಾಣಾಕ್ಕೆ ಹೋಗಿದ್ದೆವು. ಅಲ್ಲಿಯ ಕಾರ್ಖಾನೆಗಳ ಪಕ್ಕದ ಒಂದು ಹೋಟೆಲಿನಲ್ಲಿ ನಮ್ಮ ಊರ ಕಡೆಯ ಯುವಕನೊಬ್ಬ ತಟ್ಟೆ-ಲೋಟ ತೊಳೆಯುವ ಕೆಲಸಕ್ಕಿದ್ದಾನೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಆತ ಹಿತ್ತಲಲ್ಲಿ ಕುಳಿತು, ಕಿವಿಗೆ ತಂತಿ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದನಂತೆ. ಗಲ್ಲಾದ ಮೇಲಿದ್ದವರು ಬಂದು ಆ ಪುಟ್ಟ ಯಂತ್ರವನ್ನು ಕಸಿದುಕೊಂಡರು. ತಿಂಗಳಾದರೂ ಮರಳಿ ಕೊಟ್ಟಿಲ್ಲ. “ಅಣ್ಣಾ, ನಾನು ಕೆಲಸ ಬಿಟ್ಟು ಕೂತಿರಲಿಲ್ಲ, ಕೆಲಸ ಮುಗಿಸಿ ಕೂತಿದ್ದೆ” ಎಂದು ಆತ ಹೇಳಿದ ಮಾತು ನಮ್ಮ ಮನಸ್ಸಿನಿಂದ ಹೋಗಲೊಲ್ಲದು.

ಇಂಥ ಯಂತ್ರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1979ರಲ್ಲಿ ಇಂಗ್ಲೆಂಡಿನ ಕೇನ್ ಕ್ರೇಮರ್ ಎಂಬ 23 ವರ್ಷದ ಯುವಕನು ಟೇಪೂ ಇಲ್ಲದ, ತಿರುಗುವ ತಟ್ಟೆಯೂ ಇಲ್ಲದ ಹಾಡಿನ ಪೆಟ್ಟಿಗೆಯೊಂದನ್ನು ಕಲ್ಪಿಸಿದನು. ಅದರಲ್ಲಿ ಹಿಡಿಯುತ್ತಿದ್ದುದು ಮೂರೂವರೆ ನಿಮಿಷದ ಸಂಗೀತ ಮಾತ್ರ. 1988ರಲ್ಲಿ ಪೇಟೆಂಟ್ ಉಳಿಸಿಕೊಳ್ಳಲು ಹಣ ಹೊಂದದೆ ಹಕ್ಕು ಕೈತಪ್ಪಿತು. ಬುದ್ಧಿ ಇದ್ದು ಬಂಡವಾಳ ಇಲ್ಲದವನ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ!

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಕಿವಿಗೆ ಗೊತ್ತಾಗದ ಸದ್ದನ್ನು ಬಿಟ್ಟುಬಿಟ್ಟು, ಹಾಡನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಸುವ ಉಪಾಯವನ್ನು ಬೆಳೆಸಿದರು. ಅದಕ್ಕೆ 1995ರಲ್ಲಿ ‘ಎಂಪಿ3’ ಎಂಬ ಹೆಸರು ನಿಂತಿತು. 1998ರಲ್ಲಿ ಕೊರಿಯಾದ ಸೇಹಾನ್ ಕಂಪನಿಯು ‘ಎಂಪಿಮ್ಯಾನ್’ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ 32 ಮೆಗಾಬೈಟಿನಲ್ಲಿ ಸುಮಾರು ಅರ್ಧ ಗಂಟೆಯ ಹಾಡು. ಅದೇ ವರ್ಷ ಅಮೆರಿಕದಲ್ಲಿ ‘ರಿಯೊ’ ಬಂದಾಗ ರೆಕಾರ್ಡು ಕಂಪನಿಗಳ ಸಂಘವು ಕೋರ್ಟಿಗೆ ಹೋಯಿತು. 1999ರಲ್ಲಿ ಮೇಲಿನ ಕೋರ್ಟು ಯಂತ್ರ ಮಾಡಿದವರ ಪರವಾಗಿ ತೀರ್ಪಿತ್ತಿತು. 2001ರಲ್ಲಿ ಆಪಲ್ ಕಂಪನಿಯ ‘ಐಪಾಡ್’ ಸಾವಿರ ಹಾಡುಗಳನ್ನು ಜೇಬಿಗೆ ತಂದಿತು. 2022ರಲ್ಲಿ ಅದೂ ನಿಂತು, ಹಾಡೆಲ್ಲ ಫೋನಿನೊಳಗೆ ಸೇರಿಕೊಂಡಿತು.

ಮೊದಲು ಹೋಟೆಲಿನ ರೇಡಿಯೊ ಗಲ್ಲಾದ ಹತ್ತಿರ ಇರುತ್ತಿತ್ತು. ಧಣಿಗಳು ಹಚ್ಚಿದ್ದೇ ಹಾಡು. ಈಗ ಮಾಣಿಗೂ ತನ್ನ ಹಾಡು ಉಂಟು. ಪರಊರಿನಲ್ಲಿ ಕನ್ನಡದ ದನಿ ಉಂಟು. ಇದು ಸಣ್ಣ ಲಾಭವಲ್ಲ.

ಒಲೆಯ ಮುಂದೆ, ಗ್ರೈಂಡರಿನ ಬಳಿ ಕಿವಿ ಮುಚ್ಚಿಕೊಂಡರೆ ಅಪಾಯವೆಂದು ಧಣಿಗಳು ಹೇಳಿದರೆ ನಾವೂ ಒಪ್ಪುತ್ತೇವೆ. ಖೋಲಿಯಲ್ಲಿ ಹತ್ತು ಮಂದಿ ಹತ್ತು ತಂತಿ ಸಿಕ್ಕಿಸಿಕೊಂಡು ಮಲಗಿದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯುವುದು ಹೇಗೆ ಎಂಬ ಚಿಂತೆ ನಮಗೂ ಇದೆ. ಆದರೆ ವಿರಾಮದ ಹೊತ್ತು ಕಾರ್ಮಿಕನದು. ಅದನ್ನು ಕಸಿಯುವ ಅಧಿಕಾರ ಪಗಾರ ಕೊಡುವವರಿಗೂ ಇಲ್ಲ.

ಇನ್ನೊಂದು ಮಾತು. 2006ರಲ್ಲಿ ಐಪಾಡ್ ಜೋಡಿಸುವ ಚೀನಾದ ಕಾರ್ಖಾನೆಯನ್ನು ಆಪಲ್ ಕಂಪನಿಯೇ ತಪಾಸಣೆ ಮಾಡಿಸಿದಾಗ, ವಾರಕ್ಕೆ 60 ಗಂಟೆಯ ಮಿತಿಯನ್ನು ನೂರಕ್ಕೆ 35ರಷ್ಟು ಸಲ ಮೀರಿ ದುಡಿಸಿದ್ದು ಕಂಡುಬಂತು. ಹಾಡಿನ ಯಂತ್ರ ಮಾಡಿದ ಕೈಗಳಿಗೂ ಹಾಡು ಕೇಳುವ ಪುರುಸೊತ್ತು ಇರಲಿಲ್ಲ. ಅವರೂ ನಮ್ಮವರೇ ಅಲ್ಲವೇ?

ಆದುದರಿಂದ ನಾವು ಕೇಳುವುದು ಇಷ್ಟೇ: ವಿರಾಮದ ಹೊತ್ತನ್ನು ಗೋಡೆಯ ಮೇಲೆ ಬರೆದು ಹಾಕಿರಿ; ವಾರದ ರಜೆಯನ್ನು ತಪ್ಪದೆ ಕೊಡಿರಿ; ಆ ಯುವಕನ ಯಂತ್ರವನ್ನು ಅವನ ಕೈಗೆ ಮರಳಿಸಿರಿ. ಬಾಂಧವರೇ, ನೀವೂ ರಾತ್ರಿ ಒಂದು ಹಾಡು ಕೇಳಿರಿ. ಆಮೇಲೆ ತಂತಿ ತೆಗೆದು ಪಕ್ಕದವನ ಮಾತನ್ನೂ ಕೇಳಿರಿ.