ಕೆರೆಗೆ ತಕ್ಕ ಮೀನುಮರಿ ಬೇಕು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಗೆ ಸದಾ ಹರಿಯುವ ನದಿಯಿಲ್ಲ. ಮಳೆಯಾದರೆ ಕೆರೆ ಕೋಡಿ ಬೀಳುತ್ತದೆ, ಇಲ್ಲದಿದ್ದರೆ ನೆಲ ಬಿರಿಯುತ್ತದೆ. ಎಚ್.ಎನ್. ವ್ಯಾಲಿ ಯೋಜನೆ ಬಂದ ಮೇಲೆ ಕೆಲವು ಕೆರೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿದೆ. ಪೋಷಕಾಂಶ ಹೆಚ್ಚಿ ಪಾಚಿ ಕಟ್ಟಿದ ನೀರಿನಲ್ಲಿ ಬೆಳಗಿನ ಜಾವ ಆಮ್ಲಜನಕ ಕುಸಿಯುತ್ತದೆ. ಹೀಗಿರುವಾಗ ಬೇಗ ದಪ್ಪಗಾಗುವುದೊಂದನ್ನೇ ನೋಡಿ ಮೀನುಮರಿ ಬಿಟ್ಟರೆ ಸಾಲದು.

ಆಯ್ಕೆಯಿಂದ ತಳಿ ಬದಲಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ತಜ್ಞರೊಡನೆ 1992ರಲ್ಲಿ ಆರಂಭಿಸಿದ ಕೆಲಸದಿಂದ ‘ಜಯಂತಿ ರೋಹು’ ಎಂಬ ಮೀನು ತಳಿ ಬಂತು. ಪ್ರತಿ ಪೀಳಿಗೆಗೆ ಬೆಳವಣಿಗೆ ಸುಮಾರು ಶೇ 17ರಷ್ಟು ಏರಿತು. ಬೇಗನೆ ಮೊಟ್ಟೆಗೆ ಬಂದು ಬೆಳವಣಿಗೆ ಕುಗ್ಗುತ್ತಿದ್ದ ಸಾಮಾನ್ಯ ಗೆಂಡೆಗೆ ಬದಲಾಗಿ, ತಡವಾಗಿ ಪ್ರೌಢವಾಗುವ ಹಂಗೇರಿ ಮೂಲದ ಅಮುರ್ ಗೆಂಡೆಯನ್ನು ಪರೀಕ್ಷಿಸಿದ್ದು ನಮ್ಮ ಹೆಸರಘಟ್ಟದಲ್ಲೇ. ಅದೇ ಕ್ರಮದಲ್ಲಿ ಬಿಸಿಲು, ಕಡಿಮೆ ಆಮ್ಲಜನಕ, ರೋಗ ತಾಳುವ ಮೀನು ಕುಟುಂಬಗಳನ್ನೂ (ಒಂದೇ ತಂದೆತಾಯಿಯ ಮರಿಗಳ ಗುಂಪು) ಆಯಬಹುದು.

ಗಟ್ಟಿ ತಳಿ ಕೊಳಕು ನೀರಿಗೆ ನೆಪವಾದೀತು ಎಂಬ ಆಕ್ಷೇಪ ಸುಳ್ಳಲ್ಲ. ಆಮ್ಲಜನಕವೇ ಇಲ್ಲದ ನೀರಿನಲ್ಲಿ ಯಾವ ತಳಿಯೂ ಉಳಿಯದು. ಸಂಸ್ಕರಣೆಯ ಹೊಣೆ ಸರ್ಕಾರದ್ದೇ. ಆದರೆ ಬೇಸಿಗೆಯ ಕಾವು, ನೀರು ನಿಲ್ಲುವ ಅವಧಿ ಸಂಸ್ಕರಣಾ ಘಟಕದ ಕೈಲಿಲ್ಲ. ಮೀನುಗಾರಿಕೆ ಇಲಾಖೆಯು ತಳಿ ಪರೀಕ್ಷೆಯನ್ನು ಫಾರಂ ಕೊಳದಿಂದ ಈ ಜಿಲ್ಲೆಯ ಕೆರೆಗಳಿಗೇ ತರಲಿ.