ಸಂಧಿಯೋ, ವಿಗ್ರಹವೋ?

ಸವದತ್ತಿಯಿಂದ ರಟ್ಟರು ಆಳುತ್ತಿದ್ದ ಕಾಲದ ಕನ್ನಡ ಶಾಸನಗಳಲ್ಲಿ ‘ಸಂಧಿವಿಗ್ರಹಿ’ ಎಂಬ ಅಧಿಕಾರಿಯ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಸಂಧಿಯೆಂದರೆ ಒಪ್ಪಂದ, ವಿಗ್ರಹವೆಂದರೆ ಯುದ್ಧ. ಎರಡನ್ನೂ ಒಬ್ಬನ ಕೈಗೇ ಒಪ್ಪಿಸಿದುದರಲ್ಲಿ ಒಂದು ವಿವೇಕವಿದೆ: ಯುದ್ಧದ ಬೆಲೆಯನ್ನು ಬಲ್ಲವನಿಗೇ ಒಪ್ಪಂದದ ಬೆಲೆಯೂ ತಿಳಿದಿರುತ್ತದೆ. ಶತಮಾನಗಳ ತರುವಾಯ, ಅದೇ ಮಲಪ್ರಭೆಯ ಸೀಮೆಯಲ್ಲಿ ಈ ವಿವೇಕವನ್ನು ಮರೆತುದರ ಫಲವನ್ನು ಕಿತ್ತೂರು, ಬೈಲಹೊಂಗಲ, ರಾಮದುರ್ಗಗಳು ಉಣ್ಣಬೇಕಾಯಿತು.

ಕಿತ್ತೂರು ಮೊದಲಿನಿಂದಲೂ ಕಂಪನಿ ಸರಕಾರದ ಹಗೆಯಾಗಿರಲಿಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಅದು ಕಂಪನಿಗೆ ನೆರವಾಗಿತ್ತು. ಸಂಸ್ಥಾನವೂ ದೇಸಾಯಿಯ ಮನೆತನದಲ್ಲಿಯೇ ಉಳಿದಿತ್ತು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಅದು ನಿಜವಾದುದೇ ಎಂದು ಶಂಕಿಸಿ ಭಂಡಾರಕ್ಕೆ ಮುದ್ರೆಯೊತ್ತಿಸಿ ಕಾವಲಿಟ್ಟನು. ರಾಣಿ ಚೆನ್ನಮ್ಮ ಖಡ್ಗಕ್ಕೆ ಮುನ್ನ ಲೇಖನಿಯನ್ನು ಹಿಡಿದಳು. ಕಮಿಷನರ್ ಚಾಪ್ಲಿನ್ನನಿಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೂ ಅವಳ ಮನವಿ ಹೋಯಿತು. ಆದರೆ ವ್ಯಾಜ್ಯದ ಒಂದು ಪಕ್ಷವೂ ಕಂಪನಿಯೇ, ತೀರ್ಪು ಹೇಳಬೇಕಾದುದೂ ಕಂಪನಿಯೇ. ಅಂಥಲ್ಲಿ ಮನವಿಗೆ ಕಿವಿಯೆಲ್ಲಿಯದು?

ಅಕ್ಟೋಬರ್ 23ರ ಬೆಳಗಿಗೆ ಕೋಟೆಯ ಬಾಗಿಲು ಮುಚ್ಚಿತ್ತು. ಥ್ಯಾಕರೆ ಅದನ್ನು ಒಡೆಯಲು ತೋಪುಗಳನ್ನು ತರಿಸಿದನು. ಒಳಗಿನವರು ಒಮ್ಮೆಲೇ ಹೊರನುಗ್ಗಿದರು, ಥ್ಯಾಕರೆ ಮಡಿದನು. ಅವನ ಕೈಕೆಳಗಿನ ಅಧಿಕಾರಿಗಳಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಇಲಿಯಟ್ ಸೆರೆಸಿಕ್ಕರು. ಇಲಿಯಟ್ಟನಿಗೆ ಆಗ ಇಪ್ಪತ್ತೊಂದರ ಪ್ರಾಯ.

ಗೆದ್ದ ಮದದಲ್ಲಿ ಸೆರೆಯಾಳುಗಳ ಕೊರಳು ಕೊಯ್ದ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಕಿತ್ತೂರಿನಲ್ಲಿ ಹಾಗಾಗಲಿಲ್ಲ. ಸುಮಾರು ನಲವತ್ತು ದಿನ ಕಾವಲಿನಲ್ಲಿದ್ದ ಇಬ್ಬರೂ ಡಿಸೆಂಬರ್ 2ರಂದು ಸುರಕ್ಷಿತವಾಗಿ ಕಂಪನಿಯ ಶಿಬಿರವನ್ನು ಸೇರಿದರು. ಯುದ್ಧ ನಿಲ್ಲುವುದೆಂಬ ಮಾತಿನ ಮೇಲೆಯೇ ರಾಣಿ ಅವರನ್ನು ಬಿಟ್ಟುಕೊಟ್ಟಳೆಂದೂ, ಆ ಮಾತನ್ನು ಚಾಪ್ಲಿನ್ ಉಳಿಸಿಕೊಳ್ಳಲಿಲ್ಲವೆಂದೂ ನಾಡಿನ ಇತಿಹಾಸಕಾರರು ಬರೆದಿದ್ದಾರೆ. ಮುಂದಿನ ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ ದಿನಗಳೆದು 1829ರಲ್ಲಿ ಕಣ್ಮುಚ್ಚಿದಳು. ಅವಳ ಸಮಾಧಿ ಇಂದಿಗೂ ಆ ಊರಿನಲ್ಲಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದ ನಂಬಿಕೆಯಿಂದಲೇ ಸಂಗೊಳ್ಳಿ ರಾಯಣ್ಣನ ಬಂಡಾಯ ಹುಟ್ಟಿತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರೂ ಆ ನಂಬಿಕೆ ಮರಳಿ ಬೆಸೆಯಲಿಲ್ಲ.

ತಪ್ಪು ಒಂದೇ ಕಡೆಯದೆಂದು ತಿಳಿಯಬಾರದು. ಮುವ್ವತ್ತನಾಲ್ಕು ವರ್ಷಗಳ ಅನಂತರ ನರಗುಂದದಲ್ಲಿಯೂ ದತ್ತಕದ ಪ್ರಶ್ನೆಯೇ ಎದ್ದಿತು. ಅಲ್ಲಿಯೂ ಅನುಮತಿ ದೊರೆಯಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಕೆಲವೇ ಸವಾರರೊಡನೆ ಆ ಸೀಮೆಗೆ ಬಂದು, ರಾಮದುರ್ಗದ ಬಳಿಯ ಸುರೇಬಾನದಲ್ಲಿ ತಂಗಿದ್ದನು. ನರಗುಂದದ ಭಾಸ್ಕರರಾಯನ ಕಡೆಯವರು ರಾತ್ರಿ ಮೇಲೆ ಬಿದ್ದು ಅವನನ್ನು ಕೊಂದರು. ಮರುತಿಂಗಳು ಭಾಸ್ಕರರಾಯನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಕಿತ್ತೂರಿನಲ್ಲಿ ಅಧಿಕಾರಿಯೇ ತೋಪನ್ನು ತಂದನು. ಸುರೇಬಾನದಲ್ಲಿ ಮಾತಿಗೆ ಎಡೆಯೇ ಇಲ್ಲದಂತೆ ಅಧಿಕಾರಿಯನ್ನು ಮುಗಿಸಲಾಯಿತು. ಎರಡು ಕಡೆಯೂ ಬೆಲೆ ತೆತ್ತವರು ಆ ಊರುಗಳ ಜನ.

ಇಷ್ಟೆಲ್ಲ ರಕ್ತ ಹರಿದ ಮೇಲೆ, 1862ರಲ್ಲಿ ಲಾರ್ಡ್ ಕ್ಯಾನಿಂಗ್ ದೇಶೀಯ ಸಂಸ್ಥಾನಿಕರಿಗೆ ದತ್ತಕದ ಹಕ್ಕನ್ನು ಮಾನ್ಯ ಮಾಡುವ ಸನದುಗಳನ್ನು ಕೊಟ್ಟನು. ಚೆನ್ನಮ್ಮ ಕೇಳಿದ್ದುದೂ ಇದನ್ನೇ. ಕೊಡಲಾಗದ ವಸ್ತುವೇನೂ ಅದಾಗಿರಲಿಲ್ಲವೆಂಬುದು ಮುವ್ವತ್ತೆಂಟು ವರ್ಷ ತಡವಾಗಿ ತಿಳಿಯಿತು.

ಜಗತ್ತು ಇಂಥ ಪಾಠಗಳನ್ನು ಬಹಳ ಕಡೆ ಕಲಿತು, ಕೊನೆಗೆ ಬರಹಕ್ಕಿಳಿಸಿತು. 1961ರಲ್ಲಿ ವಿಯೆನ್ನಾ ನಗರದಲ್ಲಿ ರಾಷ್ಟ್ರಗಳು ರಾಯಭಾರಿಗಳನ್ನು ಕುರಿತು ಒಂದು ಒಡಂಬಡಿಕೆ ಮಾಡಿಕೊಂಡವು. ರಾಯಭಾರಿಯ ಮೈಮುಟ್ಟಕೂಡದೆಂಬುದು ಅದರ ಒಂದು ಕಟ್ಟಳೆ. ಅವನೂ ತಾನಿರುವ ನಾಡಿನ ಕಾನೂನನ್ನು ಮನ್ನಿಸಬೇಕು, ಅದರ ಒಳಾಡಳಿತದಲ್ಲಿ ಕೈಹಾಕಕೂಡದೆಂಬುದು ಇನ್ನೊಂದು. ಮೊದಲನೆಯದು ಸುರೇಬಾನವನ್ನು ನೆನಪಿಸಿದರೆ, ಎರಡನೆಯದು ಕಿತ್ತೂರನ್ನು ನೆನಪಿಸುತ್ತದೆ.

ಕಟ್ಟಳೆಯಿದ್ದ ಮಾತ್ರಕ್ಕೆ ಅದನ್ನು ಎಲ್ಲರೂ ಪಾಲಿಸುತ್ತಾರೆಂದಲ್ಲ. 1979ರಲ್ಲಿ ಇರಾನಿನ ತೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯನ್ನೇ ಹಿಡಿದು, 52 ಜನರನ್ನು 444 ದಿನ ಒತ್ತೆಯಲ್ಲಿಡಲಾಯಿತು. ಅವರನ್ನು ಬಿಡಿಸಲು ಅಮೆರಿಕ ಕಳುಹಿಸಿದ ಸೈನಿಕ ತಂಡ ಕೈಸೋತು ಹಿಂದಿರುಗಿತು. 1981ರ ಜನವರಿಯಲ್ಲಿ ಅವರು ಮನೆಗೆ ಮರಳಿದುದು, ಎರಡೂ ಕಡೆಯವರು ನಂಬಿದ್ದ ಅಲ್ಜೀರಿಯ ದೇಶ ನಡುವೆ ನಿಂತು ಮಾಡಿಸಿದ ಒಪ್ಪಂದದಿಂದ. ಚೆನ್ನಮ್ಮನ ಕಾಲಕ್ಕೆ ಅಂಥ ಮೂರನೆಯವನೊಬ್ಬ ಇರಲಿಲ್ಲ. ಇಂದಿನ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಎಷ್ಟೇ ಕೊರತೆಯಿದ್ದರೂ ಅವು ಬೇಕೆನ್ನುವುದು ಇದಕ್ಕಾಗಿಯೇ: ಬಲಹೀನನು ತನ್ನ ಎದುರಾಳಿಯ ಬಾಗಿಲಿಗೇ ನ್ಯಾಯ ಕೇಳಲು ಹೋಗಬೇಕಾದ ದುರವಸ್ಥೆ ಸ್ವಲ್ಪವಾದರೂ ತಪ್ಪೀತು.

ಕಿತ್ತೂರಿನಿಂದ ಜೀವಸಹಿತ ಹೊರಬಂದ ತರುಣ ಇಲಿಯಟ್ ಮುಂದೆ ಈ ಸೀಮೆಯಲ್ಲಿಯೇ ಸೇವೆ ಸಲ್ಲಿಸುತ್ತ ಕನ್ನಡ ನಾಡಿನ ಸುಮಾರು 600 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಚಾಲುಕ್ಯರ ಚರಿತ್ರೆಯನ್ನು ಲಂಡನ್ನಿನ ವಿದ್ವಾಂಸರ ಮುಂದಿಟ್ಟವರಲ್ಲಿ ಅವನು ಮೊದಲಿಗನು. ಕನ್ನಡ ಶಾಸನಗಳ ಅಧ್ಯಯನವನ್ನು ಕುರಿತು ಬರೆಯುವವರು ಇಂದಿಗೂ ಅವನ ಹೆಸರನ್ನು ಬಿಡುವಂತಿಲ್ಲ. ಸಿಟ್ಟಿನ ಗಳಿಗೆಯಲ್ಲಿ ಕಿತ್ತೂರು ಒಂದು ಜೀವವನ್ನು ಉಳಿಸಿತು. ಆ ಜೀವದಿಂದ ಕನ್ನಡಕ್ಕೇ ಉಪಕಾರವಾಯಿತು. ಎದುರಾಳಿಯನ್ನು ಮನುಷ್ಯನೆಂದು ಕಂಡ ರಾಣಿಯ ಆ ಒಂದು ನಡೆಯಷ್ಟೇ ಅಂದು ಎರಡು ಪಕ್ಷಗಳ ನಡುವೆ ಮುರಿಯದೆ ಉಳಿದ ಸಂಧಿ.